ಅತ್ತೆ ಯಾರೆಂದು ಯಂತ್ರಕ್ಕೆ ತಿಳಿಸುವುದು

ಯಂತ್ರಕ್ಕೆ ಪದಗಳ ಅರ್ಥ ತಿಳಿಸುವ ಕುರಿತ ನಿಮ್ಮ ಲೇಖನದಲ್ಲಿ ಲೇಖಕರು, ಪದಗಳನ್ನು ಅರ್ಥದ ನಂಟಿನಿಂದ ಹೆಣೆದ ಪದಜಾಲ (ವರ್ಡ್‌ನೆಟ್) ಒಂದಿದ್ದರೆ ಸಾಕು, ಅದೇ ಆಂಟಾಲಜಿಯ ಕೆಲಸ ಮಾಡುತ್ತದೆ ಎಂದಿದ್ದಾರೆ. ಆಂಟಾಲಜಿ ಎಂದರೆ ಪರಿಕಲ್ಪನೆಗಳನ್ನೂ ಅವುಗಳ ಸಂಬಂಧಗಳನ್ನೂ ಯಂತ್ರಕ್ಕೆ ತಿಳಿಯುವಂತೆ ನಿಖರವಾಗಿ ಬರೆದಿಟ್ಟ ವ್ಯವಸ್ಥೆ. ಲೇಖಕರ ಆ ಮಾತನ್ನು ನಾನು ಒಪ್ಪಲಾರೆ. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಅಪ್ಪನ ತಂಗಿಯೂ ನನಗೆ ಅತ್ತೆ, ಗಂಡನ ತಾಯಿಯೂ ಅತ್ತೆ. ಮರಾಠಿಯಲ್ಲಿ ಒಬ್ಬರು ಆತ್ಯಾ, ಇನ್ನೊಬ್ಬರು ಸಾಸೂ. ಇಂಗ್ಲಿಷಿನ ಆಂಟ್ ಅಂತೂ ಚಿಕ್ಕಮ್ಮನನ್ನೂ ಸೇರಿಸಿಕೊಳ್ಳುತ್ತದೆ. ಯಾವ ಭಾಷೆಯ ಪದವನ್ನೇ ಪರಿಕಲ್ಪನೆ ಎಂದು ಹಿಡಿದರೂ ಉಳಿದವಕ್ಕೆ ಅನ್ಯಾಯವಾಗುತ್ತದೆ. ತಂದೆಯ ಸೋದರಿ, ಸಂಗಾತಿಯ ತಾಯಿ ಎಂಬ ಸಂಬಂಧಗಳನ್ನು ತರ್ಕದ ಭಾಷೆಯಲ್ಲಿ ಬೇರೆಬೇರೆಯಾಗಿ ಬರೆದು, ಪದಗಳನ್ನು ಆಮೇಲೆ ಜೋಡಿಸಬೇಕು. ಸುಮೋ ಎಂಬ ಆಂಟಾಲಜಿಗೆ ಇಂಗ್ಲಿಷಿನ ಪದಜಾಲವಾದ ಪ್ರಿನ್ಸ್‌ಟನ್ ವರ್ಡ್‌ನೆಟ್ಟನ್ನು ಜೋಡಿಸಿದವರು, ಪ್ರತಿ ಅರ್ಥವೂ ಪರಿಕಲ್ಪನೆಗೆ ಸಮವೇ, ಅದರೊಳಗೆ ಬರುವಂಥದೇ, ಅದರ ಒಂದು ನಿದರ್ಶನವೇ ಎಂದು ಗುರುತು ಹಾಕಿದ್ದು ಇದಕ್ಕೇ.

ಮುಂಬೈನ ಪವಾಯಿಯ ಐಐಟಿಯಲ್ಲಿ ಬೆಳೆದ, ಭಾರತೀಯ ಭಾಷೆಗಳ ಪದಜಾಲವಾದ ಇಂಡೋವರ್ಡ್‌ನೆಟ್‌ಗೆ ಲೇಖನದಲ್ಲಿ ಒಂದೇ ಸಾಲು ಸಿಕ್ಕಿದ್ದು ಬೇಸರ ತಂದಿತು. ಹಿಂದಿಯ ಅರ್ಥಗುಚ್ಛಗಳಿಗೆ (ಒಂದೇ ಅರ್ಥದ ಪದಗಳ ಗುಂಪುಗಳಿಗೆ) ಕನ್ನಡ, ಮರಾಠಿ, ಕೊಂಕಣಿಗಳನ್ನೆಲ್ಲ ಹೊಂದಿಸಿದ ದೊಡ್ಡ ಕೆಲಸ ಅದು. ಆದರೆ ಹಿಂದಿಯಿಂದ ಹೊರಟರೆ ನಮ್ಮ ಗೊಜ್ಜಿನಂಥದಕ್ಕೆ ಜಾಗ ಎಲ್ಲಿ? ಅದು ಚಟ್ನಿಯೂ ಅಲ್ಲ, ಸಾರೂ ಅಲ್ಲ. ಇಂಥ ಅರ್ಥಗಳನ್ನು ಕನ್ನಡದ ಕಡೆಯಿಂದಲೇ ಸೇರಿಸುವುದು ಹೇಗೆಂದು ಲೇಖಕರು ದಯವಿಟ್ಟು ಮುಂದಿನ ಕಂತಿನಲ್ಲಿ ಬರೆಯಲಿ.