ನೋಡಿಕೊಳ್ಳುವವರಿಗೆ ರಜೆ ಯಾವಾಗ?

ನಮ್ಮ ಜಿಲ್ಲೆಗೆ ಇನ್ನೊಂದು ವೃದ್ಧಾಶ್ರಮಕ್ಕಿಂತ ಮೊದಲು ಬೇಕಾಗಿರುವುದು ಬೇರೆ. ಹಾಸಿಗೆ ಹಿಡಿದವರನ್ನು ಎರಡು ದಿನವೋ ನಾಲ್ಕು ದಿನವೋ ಚೆನ್ನಾಗಿ ನೋಡಿಕೊಂಡು, ಮತ್ತೆ ಮನೆಯವರ ಕೈಗೆ ಒಪ್ಪಿಸುವ ಜಾಗ ಬೇಕು. ಇಲ್ಲವೇ ಅಷ್ಟು ದಿನ ಮನೆಗೇ ಬಂದು ಇರುವ ಜನ ಬೇಕು. ಅದೂ ಶಿವಮೊಗ್ಗ ಪೇಟೆಯಲ್ಲಿ ಮಾತ್ರ ಅಲ್ಲ. ಹೊಸನಗರ, ಸೊರಬ, ತೀರ್ಥಹಳ್ಳಿ, ಎಲ್ಲ ತಾಲ್ಲೂಕಿನಲ್ಲೂ ಬೇಕು.

ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದು ಕೆಲವು ವರ್ಷಗಳಾದವು. ಬಲಗಡೆಯ ಕೈಕಾಲು ಆಡುವುದಿಲ್ಲ, ಮಾತು ಅರ್ಧಂಬರ್ಧ. ನೋಡಿಕೊಳ್ಳುತ್ತಿರುವುದು ಅತ್ತಿಗೆ. ಬೆನ್ನಿನಲ್ಲಿ ಹುಣ್ಣಾಗಬಾರದು ಅಂದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ ಅಷ್ಟೇ. ಗಂಜಿ ಕುಡಿಸುವಾಗ ಎಬ್ಬಿಸಿ ಕೂರಿಸಲೇಬೇಕು, ಮಲಗಿದಲ್ಲೇ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಒಲೆಯ ಮೇಲೆ ಹರವಿ ಒಣಗಿಸಬೇಕು. ಅಡಿಕೆ ಗೊನೆಯ ಕೊಯ್ಲು ಶುರುವಾದರೆ ಮರ ಹತ್ತಿ ಗೊನೆ ಇಳಿಸುವ ಕೊನೆಗಾರರಿಗೆ, ಅಡಿಕೆ ಸುಲಿಯುವವರಿಗೆ ಊಟ ತಿಂಡಿ ಬೇರೆ. ತವರಿನ ಮದುವೆಗೆ ಹೋದರೂ ಅತ್ತಿಗೆ ಊಟ ಮಾಡಿ ಅದೇ ಸಂಜೆ ವಾಪಸ್. ಅವರದೇ ಸೊಂಟನೋವನ್ನು ಡಾಕ್ಟರಿಗೆ ತೋರಿಸುವುದು ಮುಂದಕ್ಕೆ ಹೋಗುತ್ತಲೇ ಇದೆ. ಅಣ್ಣ ಕೈಜೋಡಿಸುತ್ತಾನೆ, ಇಲ್ಲ ಅನ್ನುವುದಿಲ್ಲ. ಆದರೆ ರಾತ್ರಿ ಎದ್ದೇಳುವುದು ಯಾರು ಅಂತ ನಮ್ಮ ಕಡೆಯ ಮನೆಗಳಲ್ಲಿ ಹೇಳಬೇಕಾಗಿಲ್ಲ ಅಲ್ವಾ? ಏನಾದರೂ ಸಹಾಯ ಬೇಕಾ ಅತ್ತಿಗೆ ಅಂತ ಒಮ್ಮೆ ಕೇಳಿದೆ. "ನಂಗೆ ದುಡ್ಡು ಬ್ಯಾಡ ಮಾರಾಯ. ಎರಡು ರಾತ್ರಿ ಯಾರಾದ್ರೂ ಎದ್ದು ಮಾವನ್ನ ಮಗ್ಗುಲು ತಿರುಗಿಸಿದ್ರೆ ಸಾಕು" ಅಂದರು.

ಹೋಂ ನರ್ಸ್ ಇಟ್ಟುಕೊಳ್ಳಿ ಅನ್ನುವವರಿದ್ದಾರೆ. ನಾವು ವಿಚಾರಿಸಿದಲ್ಲೆಲ್ಲ ತಿಂಗಳ ಲೆಕ್ಕವೇ, ಎರಡು ದಿನಕ್ಕೆ ಬರುವವರಿಲ್ಲ. ಒಂಟಿ ಮನೆ, ಬಸ್ಸು ಇಳಿದು ತೋಟ ದಾಟಿ ನಡೆಯಬೇಕು ಅಂದ ಕೂಡಲೇ ಫೋನಿನಲ್ಲೇ ದನಿ ಬದಲಾಗುತ್ತದೆ.

ನಮ್ಮಲ್ಲಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಸರದಿಯಲ್ಲಿ ಹೋಗುವ ಮುಯ್ಯಾಳು ಪದ್ಧತಿ ಇತ್ತಲ್ಲ, ಅಕ್ಕಪಕ್ಕದವರೇ ಸರದಿಯಲ್ಲಿ ನೋಡಿಕೊಳ್ಳಲಿ ಅಂತ ಇನ್ನೊಬ್ಬರು ಹೇಳಿದರು. ಗದ್ದೆ ನಾಟಿಗೆ ಅದು ಸರಿಯಾಗಿತ್ತು. ಮೂತ್ರದ ನಳಿಕೆ ಹಾಕಿರುವ ಗಂಡಸಿಗೆ ಪಕ್ಕದ ಮನೆಯ ಹೆಂಗಸು ಸ್ನಾನ ಮಾಡಿಸುವುದು ಆಗದ ಮಾತು. ಅದಕ್ಕೆ ಕಲಿತ ಕೈ ಬೇಕು. ಇಷ್ಟಕ್ಕೂ ಪಕ್ಕದ ಮನೆಯಲ್ಲಿರುವವರೂ ವಯಸ್ಸಾದವರೇ, ಅವರ ಮಕ್ಕಳೂ ಬೆಂಗಳೂರಿನಲ್ಲೇ.

ಸರ್ಕಾರಕ್ಕೆ ಈ ವಿಷಯ ಹೊಸದೇನೂ ಅಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ 'ಸಮರ್ಥ್' ಅಂತ ಒಂದು ಯೋಜನೆ ಬಂತು. ಮನೆಯವರಿಗೆ ಬಿಡುವು ಸಿಗಲಿ ಅಂತ ಸ್ವಲ್ಪ ಕಾಲ ಇರಿಸಿಕೊಂಡು ನೋಡಿಕೊಳ್ಳುವುದು ಅದರ ಉದ್ದೇಶಗಳಲ್ಲೊಂದು. ಆದರೆ ಆ ಕಾಯ್ದೆ ಇರುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ. ವಯಸ್ಸಾಗಿ ಮರೆವು ಹತ್ತಿದ ಅಜ್ಜಿಗೆ ಅದರಲ್ಲಿ ಜಾಗವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಿದೆ. ಭತ್ಯೆ ಬರಲಿ, ಒಳ್ಳೆಯದೇ. ಆದರೆ ಆ ದುಡ್ಡು ಹಿಡಿದುಕೊಂಡು ಅತ್ತಿಗೆ ಯಾರನ್ನು ಕರೆಯಬೇಕು?

ನಮ್ಮ ತೀರ್ಥಹಳ್ಳಿಯನ್ನೇ ನೋಡಿ. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇರುವವರನ್ನು ಹಳ್ಳಿಗಳಲ್ಲಿ ಗುರುತಿಸಿ, ಅವರು ಇರುವಲ್ಲೇ ಚಿಕಿತ್ಸೆ ಸಿಗುವ ಹಾಗೆ ಮಾಡುವ ಕೆಲಸವನ್ನು ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಅಲ್ಲಿ 2005ರಲ್ಲಿ ಶುರು ಮಾಡಿತು. ಎಲ್ಲರೂ ಬೆಂಗಳೂರಿಗೇ ಬನ್ನಿ ಅಂದಿದ್ದರೆ ಎಷ್ಟು ಮನೆಯವರು ಹೋಗಲು ಆಗುತ್ತಿತ್ತು? ಮಲೆನಾಡಿನಲ್ಲಿ ಸೇವೆಯೇ ಜನರ ಹತ್ತಿರ ಬರಬೇಕು. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ 2025ರ ಜುಲೈಯಲ್ಲಿ ಸೇತುವೆ ಆಯಿತು. ಅಲ್ಲಿಯವರೆಗೆ ರೋಗಿಯನ್ನು ಸಾಗರಕ್ಕೆ ಕರೆದೊಯ್ಯಬೇಕಾದರೆ ಲಾಂಚ್ ಕಾಯಬೇಕಿತ್ತು, ಇಲ್ಲವೇ ಸುತ್ತು ಹಾಕಬೇಕಿತ್ತು. ಜಿಲ್ಲಾ ಕೇಂದ್ರದಲ್ಲಿ ದೊಡ್ಡ ಕಟ್ಟಡ ಕಟ್ಟಿ ರಿಬ್ಬನ್ ಕತ್ತರಿಸಿದರೆ ಒಂಟಿ ಮನೆಗಳಿಗೆ ಏನೂ ದಕ್ಕುವುದಿಲ್ಲ.

ಘಟ್ಟ ಇಳಿದರೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಇದೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿ ಜನ ನರಳಿದ ಊರು. ಅಲ್ಲಿ ಸಂತ್ರಸ್ತರಿಗೆ ಪಾಲನಾ ಕೇಂದ್ರ ಆಯಿತು. ಮಗ ಅಥವಾ ಮಗಳು ಹಗಲು ಅಲ್ಲಿದ್ದರೆ ತಾಯಿ ಕೂಲಿಗೆ ಹೋಗಬಹುದು, ಒಂದಿಷ್ಟು ಹೊತ್ತು ಮಲಗಬಹುದು. ಅದನ್ನು ಯಾರೂ ತಾವಾಗಿ ತಂದುಕೊಡಲಿಲ್ಲ, ಜನ ಹೋರಾಡಿ ಪಡೆದರು. ಇನ್ನು ಜರ್ಮನಿಯಲ್ಲಿ, ನೋಡಿಕೊಳ್ಳುವವರು ಕಾಯಿಲೆ ಬಿದ್ದರೆ ಅಥವಾ ರಜೆಗೆ ಹೋದರೆ ಬದಲಿ ಆರೈಕೆಗೆ ವಿಮೆಯಿಂದಲೇ ಹಣ ಸಿಗುತ್ತದೆ, 2025ರ ಜುಲೈಯಿಂದ ವರ್ಷಕ್ಕೆ ಎಂಟು ವಾರದವರೆಗೆ. ನಾನು ಎಂಟು ವಾರ ಕೇಳುತ್ತಿಲ್ಲ.

ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಎರಡೇ ಎರಡು ಹಾಸಿಗೆ ಇದಕ್ಕೆ ಅಂತ ಮೀಸಲಿಡಿ. ಬರಲಾಗದವರ ಮನೆಗೆ ಹೋಗಲು ಹೋಬಳಿಗೆ ಒಬ್ಬರನ್ನೋ ಇಬ್ಬರನ್ನೋ ತರಬೇತಿ ಕೊಟ್ಟು ನೇಮಿಸಿ. ದಿನದ ಲೆಕ್ಕದಲ್ಲಿ ಸಂಬಳ, ಓಡಾಟದ ಖರ್ಚು ಕೊಡಿ. ರೋಗಿಯನ್ನು ಕರೆತರಲು ವಾಹನವೂ ಬೇಕು, ಮಲಗಿದ ಮನುಷ್ಯನನ್ನು ಕೆಂಪು ಬಸ್ಸಿನಲ್ಲಿ ತರಲು ಆಗುವುದಿಲ್ಲ. ಸರ್ಕಾರದ 'ಗೃಹ ಆರೋಗ್ಯ' ಯೋಜನೆಯಲ್ಲಿ ಮನೆಗೆ ಬಂದು ಬಿಪಿ, ಶುಗರ್ ನೋಡುವವರು ರೋಗಿಯ ಪಕ್ಕ ನಿಂತವರನ್ನೂ ಒಂದು ಪ್ರಶ್ನೆ ಕೇಳಲಿ: ನೀವು ರಾತ್ರಿ ಪೂರ್ತಿ ನಿದ್ದೆ ಮಾಡಿ ಎಷ್ಟು ದಿನ ಆಯಿತು?

ಒಂದು ಮಾತು ನೆಂಟರಿಗೆ. ಸೊಸೆ ನಾಲ್ಕು ದಿನ ಮಾವನನ್ನು ಬೇರೆಯವರ ಹತ್ತಿರ ಬಿಟ್ಟರೆ "ಆಸ್ಪತ್ರೆಗೆ ಹಾಕಿ ತಿರುಗಾಡಲು ಹೋದಳು" ಅನ್ನಬೇಡಿ. ಈ ಮಾತಿಗೆ ಹೆದರಿಯೇ ಎಷ್ಟೋ ಹೆಂಗಸರು ಬಾಯಿ ಬಿಟ್ಟು ಸಹಾಯ ಕೇಳುವುದಿಲ್ಲ. ನೀವು ಹಣ್ಣು ಹಿಡಿದು ಬಂದು, ಕಾಫಿ ಕುಡಿದು ಹೋಗುವ ಆ ಅರ್ಧ ಗಂಟೆಯಲ್ಲೂ ಅವರು ನಿಂತೇ ಇರುತ್ತಾರೆ.

ಗ್ರಾಮ ಪಂಚಾಯ್ತಿಯಲ್ಲಿ ಶೇ. 5ರಷ್ಟು ಹಣ ಅಂಗವಿಕಲರಿಗೆ ಅಂತ ಮೀಸಲಿದೆ. ಅದರಲ್ಲಿ ಒಂದು ಪಾಲನ್ನು ಈ ಕೆಲಸಕ್ಕೆ ಕೊಡಿ ಅಂತ ಮುಂದಿನ ಗ್ರಾಮಸಭೆಯಲ್ಲಿ ಅರ್ಜಿ ಕೊಡುತ್ತೇನೆ. ನಿಮ್ಮ ಊರಿನಲ್ಲೂ ಕೊಡಿ. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ ಅನ್ನುವುದು ಆಶಾ ಕಾರ್ಯಕರ್ತೆಗೆ, ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರಿಗೆ ಗೊತ್ತಿರುತ್ತದೆ. ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ನೋಡಿಕೊಳ್ಳುವ ಹೆಂಗಸರು ಸಭೆಗೆ ಬರಲು ಆಗುವುದಿಲ್ಲ, ಅವರ ಹೆಸರು ಬರೆಸಿಕೊಂಡು ಹೋಗಿ.