ಬಸ್ ಟಿಕೆಟ್ ಫ್ರೀ ಆಯ್ತು, ಕೂಸನ್ನು ಎಲ್ಲಿ ಬಿಡಲಿ?

ಮೊನ್ನೆ ನಮ್ಮ ದೂರದ ಕಾಕಾ ಒಬ್ಬರು ಮನೆಗೆ ಬಂದಿದ್ದರು. ಚಹಾ ಕುಡಿಯುತ್ತ ನನ್ನ ಲೆಕ್ಕ ಶುರು ಮಾಡಿದರು. "ನಿನ್ನ ಪಗಾರ ಎಷ್ಟವಾ? ಹದಿನೈದ ಸಾವಿರ. ಕೂಸಿನ ಡೇ ಕೇರ್‌ಗೆ ನಾಕೂವರಿ, ಆಟೋಕ್ಕ ಒಂದೂವರಿ. ಉಳಿದದ್ದು ಒಂಬತ್ತ. ಒಂಬತ್ತ ಸಾವಿರಕ್ಕ ಯಾಕ ಇಷ್ಟ ಬಡದಾಡ್ತಿ? ಮನ್ಯಾಗ ಇರಬಾರ್ದ?"

ಲೆಕ್ಕ ಸರಿ ಇದೆ. ಆದರೆ ಕಳೆದಿದ್ದು ನನ್ನ ಪಗಾರದಲ್ಲಿ ಮಾತ್ರ. ಪಕ್ಕದಲ್ಲೇ ನನ್ನ ಗಂಡ ಚೂಡಾ ತಿನ್ನುತ್ತ ಕೂತಿದ್ದರು. ಅವರ ಪಗಾರ ಎಷ್ಟು ಅಂತ ಯಾರೂ ಕೇಳಲಿಲ್ಲ. ಹೆತ್ತಿದ್ದು ನಾನೇ, ಖರೆ. ಆದರೆ ಮಗಳ ಹೆಸರಿನ ಜೊತೆ ಇರೋದು ಅವರ ಹೆಸರು, ಅಲ್ವಾ?

ನಾನು ಬೆಳಗಾವಿಯ ಉದ್ಯಮಬಾಗ್‌ನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ಒಟ್ಟು ಇಪ್ಪತ್ಮೂರು ಜನ, ಅದರಲ್ಲಿ ಹೆಂಗಸರು ನಾಲ್ಕು. ಹೆರಿಗೆ ಟೈಮಲ್ಲಿ ಇಎಸ್‌ಐ ಇತ್ತು, 26 ವಾರ ರಜೆ ಸಿಕ್ಕಿತು. ದೊಡ್ಡ ಉಪಕಾರ, ಇಲ್ಲ ಅನ್ನಲ್ಲ. ಆದರೆ 27ನೇ ವಾರ ಬರುತ್ತದಲ್ಲ, ಅದರ ಬಗ್ಗೆ ಯಾರೂ ಹೇಳಿರಲಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತ ಬಂತು. ನಾವು ಇಪ್ಪತ್ಮೂರು. ಕಾನೂನು ಎಣಿಸುತ್ತ ಬಂದು ನಮ್ಮ ಗೇಟಿನಿಂದಲೇ ವಾಪಸ್ ಹೋಗುತ್ತದೆ.

ಅಂಗನವಾಡಿ ಇದೆ ಅಂತೀರಿ. ಇದೆ, 1975ರಿಂದ ಇದೆ. ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ ಶುರುವಾಯಿತು. ಆದರೆ ಅಲ್ಲಿ ಕೂತು ಕಲಿಯೋದು ಮೂರು ವರ್ಷ ತುಂಬಿದ ಮಕ್ಕಳು. ಅದಕ್ಕಿಂತ ಸಣ್ಣವಕ್ಕೆ ಪೌಷ್ಟಿಕ ಆಹಾರದ ಪಾಕೀಟು ಮನೆಗೆ ಬರುತ್ತೆ, ಕೂಸು ಮನೆಯಲ್ಲೇ ಇರುತ್ತೆ. ಆರು ತಿಂಗಳಿಂದ ಮೂರು ವರ್ಷ, ಈ ಎರಡೂವರೆ ವರ್ಷ ಯಾರ ಲೆಕ್ಕದಲ್ಲೂ ಇಲ್ಲ. ನಮ್ಮ ಅತ್ತೆಯವರ ಲೆಕ್ಕದಲ್ಲಿ ಬಿಟ್ಟರೆ. ಅವರಿಗೋ ಮೊಣಕಾಲು ನೋವು, ಓಡುವ ಕೂಸಿನ ಹಿಂದೆ ಓಡೋಕಾಗಲ್ಲ.

ನಮ್ಮ ವಡಗಾವಿಯಲ್ಲಿ ಹಿಂದಿನ ಓಣಿಯ ನೇಕಾರರ ಮನೆಯ ಹುಡುಗಿ ಪವರ್‌ಲೂಮ್ ಪಕ್ಕದಲ್ಲೇ ಹಳೆ ಸೀರೆಯ ಜೋಳಿಗೆ ಕಟ್ಟಿದ್ದಾಳೆ. ಕೈಯಲ್ಲಿ ಕಂಡಿಕೆ ಸುತ್ತುವ ಕೆಲಸ, ಕಾಲಲ್ಲಿ ಹಗ್ಗ ಎಳೆದು ಜೋಳಿಗೆ ತೂಗೋದು. ಆ ಕೂಸಿಗೆ ಮಗ್ಗದ ಸಪ್ಪಳ ಇದ್ದರೇ ನಿದ್ದೆ. ಕರೆಂಟ್ ಹೋದರೆ ಮಗ್ಗ ನಿಲ್ಲುತ್ತೆ, ಮಗ್ಗ ನಿಂತ ಕೂಡಲೇ ಕೂಸು ಎದ್ದು ಅಳುತ್ತೆ. "ನಮಗ ಡೇ ಕೇರ್ ಅಂದ್ರ ಇದ ಸೀರಿ ನೋಡ್ರಿ ಅಕ್ಕಾರ," ಅಂತ ನಗುತ್ತಾಳೆ. ನನಗೆ ನಗು ಬರಲಿಲ್ಲ. ಆ ರೂಮಿನ ತುಂಬ ನೂಲಿನ ಧೂಳು.

ಇನ್ನು ದುಡ್ಡು ಕೊಟ್ಟು ಬಿಡೋದರ ಕಥೆ. ನಾನು ಮೊದಲು ನೋಡಿದ ಜಾಗದಲ್ಲಿ ಗೋಡೆ ತುಂಬ ಕಾರ್ಟೂನ್, ಬಾಗಿಲಿಗೆ ಬಲೂನ್. ಬೆಳಿಗ್ಗೆ ಹೋದಾಗ ಎಲ್ಲ ಚಂದ. ಯಾಕೋ ಮನಸ್ಸು ತಡೀಲಿಲ್ಲ, ಮರುದಿನ ಮಧ್ಯಾಹ್ನ ಎರಡೂವರೆಗೆ ಹೇಳದೆ ಹೋದೆ. ಹದಿನಾಲ್ಕು ಮಕ್ಕಳು, ಒಬ್ಬಳೇ ಆಯಾ, ಜೋರಾಗಿ ಟಿವಿ. ಮೂಲೆಯಲ್ಲಿ ಒಂದು ಹುಡುಗ ಒದ್ದೆ ಚಡ್ಡಿಯಲ್ಲಿ ಸುಮ್ನೆ ನಿಂತಿದ್ದ. ಅಳುತ್ತಲೂ ಇರಲಿಲ್ಲ. ಅಳೋದನ್ನು ಬಿಟ್ಟಿದ್ದ ಅನ್ನಿಸಿತು. ಆ ಆಯಾ ಮೇಲೆ ನನಗೆ ಸಿಟ್ಟಿಲ್ಲ. ಹದಿನಾಲ್ಕು ಮಕ್ಕಳಿಗೆ ಎರಡೇ ಕೈ.

ಈಗ ಮಗಳು ಹೋಗೋದು ಒಬ್ಬ ರಿಟೈರ್ಡ್ ಟೀಚರ್ ಮನೆಗೆ. ಮರಾಠಿ ಮನೆ, ಅವರು ಪಾಳಣಾಘರ ಅಂತಾರೆ. ಆರು ಮಕ್ಕಳು, ಇಬ್ಬರು ಹೆಂಗಸರು. ಬಲೂನ್ ಇಲ್ಲ. ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇದೆ. ಯಾರು ಎಷ್ಟು ತಿಂದರು, ಎಷ್ಟು ಹೊತ್ತು ಮಲಗಿದರು, ಎಷ್ಟು ಸಲ ಸಂಡಾಸ್ ಆಯ್ತು, ಎಲ್ಲ ಅದರಲ್ಲಿ. ನೀವು ಹುಡುಕುತ್ತಿದ್ದರೆ ಗೋಡೆ ನೋಡಬೇಡಿ, ಬಚ್ಚಲು ನೋಡಿ. ಆಯಾ ರಜೆ ಹಾಕಿದ ದಿನ ಯಾರು ನೋಡ್ತಾರೆ ಕೇಳಿ. ಮಧ್ಯಾಹ್ನ ಹೇಳದೆ ಹೋಗಿ. ಹೇಳದೆ ಬಂದರೆ ಸಿಡಿಮಿಡಿ ಮಾಡುವ ಕಡೆ ಬಿಡಲೇಬೇಡಿ. ಮತ್ತೆ ನಾಲ್ಕೂವರೆ ಸಾವಿರ ಅಂದಾಗ ನಾನೂ ಚೌಕಾಸಿ ಮಾಡಿದ್ದೆ, ಈಗ ನಾಚಿಕೆ ಆಗುತ್ತೆ. ಆ ಇಬ್ಬರು ಹೆಂಗಸರಿಗೂ ಮನೆ ನಡೀಬೇಕಲ್ಲ.

ಅಲ್ಲೇ ನೋಡಿ ಗಂಟು. ಚೆನ್ನಾಗಿ ನೋಡಿಕೊಳ್ಳಬೇಕು ಅಂದರೆ ಮಕ್ಕಳು ಕಮ್ಮಿ ಇರಬೇಕು. ಮಕ್ಕಳು ಕಮ್ಮಿ ಆದರೆ ಫೀ ಜಾಸ್ತಿ. ನಮ್ಮಂಥವರಿಗೆ ಅದು ಕೈಗೆ ಎಟಕಲ್ಲ, ಅವರಿಗೆ ಅದಕ್ಕಿಂತ ಕಡಿಮೆಗೆ ಗಿಟ್ಟಲ್ಲ. ನಡುವೆ ಮೂರನೆಯವರು ಯಾರಾದರೂ ದುಡ್ಡು ಹಾಕಲೇಬೇಕು.

ಹಳ್ಳಿಯಲ್ಲಿ ಸರ್ಕಾರ ಅದನ್ನು ಮಾಡಿ ತೋರಿಸಿದೆ. 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ', ಅಂದರೆ ಶಿಶುಪಾಲನಾ ಕೇಂದ್ರ, ಅಂತ ಹೇಳಿದರು. ಬೈಲಹೊಂಗಲ ಕಡೆ ಇರುವ ನನ್ನ ತಂಗಿ ಮಗನನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ನೋಡಿಕೊಳ್ಳುತ್ತಿದ್ದವರು ಅದೇ ಊರಿನ ಹೆಂಗಸರು, ಕೂಲಿ ನರೇಗಾದಿಂದ. ಕೂಸಿಗೆ ಅವರ ಗುರುತೂ ಇತ್ತು. ಸಿಟಿಯಲ್ಲಿ ನಮಗೆ ಅಂಥದ್ದು ಓಣಿಗೊಂದು ಯಾಕಿಲ್ಲ? 2023ರ ಜೂನ್‌ನಿಂದ ಬಸ್ ಫ್ರೀ, ನಾನೂ ದಿನಾ ಹತ್ತುತ್ತೇನೆ. ಆದರೆ ಕೂಸನ್ನು ಬಿಡೋಕೆ ಜಾಗ ಇಲ್ಲದವಳಿಗೆ ಆ ಝೀರೋ ಟಿಕೆಟ್ ತವರುಮನೆಗೆ ಹೋಗೋಕಷ್ಟೇ.

ಅದೇ 2017ರ ತಿದ್ದುಪಡಿಯಲ್ಲಿ ಒಂದು ಮಾತಿದೆ. ಕೇಂದ್ರವನ್ನು ಒಬ್ಬರೇ ನಡೆಸಬೇಕು ಅಂತಿಲ್ಲ, ಬೇರೆಯವರ ಜೊತೆ ಸೇರಿಯೂ ನಡೆಸಬಹುದು. ಉದ್ಯಮಬಾಗ್‌ನಲ್ಲಿ ನಮ್ಮಂಥ ಸಣ್ಣ ಶೆಡ್‌ಗಳು ಸಾಲಾಗಿ ಇವೆ. ಕಾನೂನು ಕಟ್ಟಿಹಾಕದಿದ್ದರೂ ಐದಾರು ಮಾಲೀಕರು ಸೇರಿ ಒಂದು ರೂಮು, ಇಬ್ಬರು ಆಯಾ, ಒಂದು ಗ್ಯಾಸ್ ಒಲೆ ಇಡೋಕೆ ಏನು ಅಡ್ಡಿ? ಲೇತ್ ಮಷಿನ್ ಕೆಟ್ಟರೆ ಅದೇ ದಿನ ಮೆಕ್ಯಾನಿಕ್ ಬರ್ತಾನಲ್ಲ. ಕೂಸಿಗೆ ಜ್ವರ ಬಂತು ಅಂತ ನಾನು ತಿಂಗಳಿಗೆ ಮೂರು ದಿನ ರಜೆ ಹಾಕಿದರೆ ನಷ್ಟ ಯಾರಿಗೆ?

ಈ ಮಾತನ್ನು ನಮ್ಮ ಮಾಲೀಕರ ಮುಂದೆ ಇಟ್ಟೆ. "ಎಷ್ಟ ಮಂದಿ ಅದೀರಿ, ಲಿಸ್ಟ್ ತಗೊಂಬರ್ರಿ, ನೋಡೋಣ," ಅಂದರು. ಊಟದ ಬಿಡುವಿನಲ್ಲಿ ಅಕ್ಕಪಕ್ಕದ ಶೆಡ್‌ಗಳಿಗೆ ಹೋಗಿ ಕೇಳಿ ಬಂದೆ. ಇವತ್ತಿಗೆ ಹನ್ನೊಂದು ತಾಯಂದಿರು, ಇಬ್ಬರು ಅಪ್ಪಂದಿರು. ಆ ಇಬ್ಬರಲ್ಲಿ ಒಬ್ಬರು ಹೆಂಡತಿ ತೀರಿಕೊಂಡವರು. ಇನ್ನೊಬ್ಬರು ನನ್ನ ಗಂಡ, ಅವರ ಕೆಲಸ ಇರೋದು ಖಡೇಬಜಾರ್‌ನಲ್ಲಿ. ಆದರೂ ಕಾಕಾ ಹೋದ ಮೇಲೆ ತಮ್ಮ ಹೆಸರನ್ನೂ ಸೇರಿಸು ಅಂದರು, ಫೀ ಮುಂದಿನ ತಿಂಗಳಿಂದ ಅರ್ಧ ಅರ್ಧ. ಉದ್ಯಮಬಾಗ್ ಕಡೆ ಕೆಲಸ ಮಾಡೋರು, ಮೂರು ವರ್ಷದೊಳಗಿನ ಕೂಸು ಇರೋರು ಇನ್‌ಬಾಕ್ಸ್‌ಗೆ ಬನ್ನಿ. ಸೋಮವಾರ ಲಿಸ್ಟ್ ಕೊಡಬೇಕು.