ಕೊಲೆಗಾರನನ್ನು ಒರಲೆ ತಿಂದಿತ್ತು

ಈಗ ಏನು ಓದ್ತಾ ಇದ್ದೀರಿ ಅಂತ ಯಾರಾದರೂ ಕೇಳಿದರೆ ನಾನು ಮಳೆಯ ಸುದ್ದಿ ತೆಗೆಯುತ್ತೇನೆ. ದಪ್ಪ ದಪ್ಪ ಕಾದಂಬರಿ ಓದುವವರ ಎದುರು "ಪತ್ತೇದಾರಿ" ಅನ್ನಲು ನಾಚಿಕೆ. ನಾಚಿಕೆ ಯಾಕೋ! ನಾಲ್ಕನೇ ಕ್ಲಾಸಿನವರೆಗೆ ಕಲಿತ ಎನ್. ನರಸಿಂಹಯ್ಯನವರು 500ಕ್ಕೂ ಜಾಸ್ತಿ ಪತ್ತೇದಾರಿ ಬರೆದು ಎಷ್ಟೋ ಮಂದಿಗೆ ಕನ್ನಡ ಓದುವ ಚಟ ಹಿಡಿಸಿದರು. ನಮ್ಮ ಅಪ್ಪನಿಗೂ ಹಿಡಿದಿತ್ತು. ಅವರಿಂದ ನನಗೆ ಬಂತು, ಸಕ್ಕರೆ ಕಾಯಿಲೆಯ ಜೊತೆಗೆ.

ಆಟಿ ತಿಂಗಳ ಉಡುಪಿ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗಿರಲಿಲ್ಲ. ಬೇರೆ ಕೆಲಸವಿಲ್ಲದೆ, ತವರಿನಿಂದ ತಂದಿಟ್ಟಿದ್ದ ಪತ್ತೇದಾರಿಯೊಂದನ್ನು ಕಪಾಟಿನ ಕೆಳಗಿನ ಹಲಗೆಯಿಂದ ತೆಗೆದೆ. (ನರಸಿಂಹಯ್ಯನವರದ್ದಲ್ಲ. ಯಾರದ್ದು ಅಂತ ಹೇಳುವುದಿಲ್ಲ, ಮುಂದೆ ಬೈಯುವುದಿದೆ.) ಎಸ್ಟೇಟಿನ ಬಂಗಲೆ, ಜಡಿಮಳೆ, ಸಾಹುಕಾರರ ಕೊಲೆ, ಒಳಗೆ ಏಳು ಮಂದಿ. ಎರಡು ರಾತ್ರಿ ನಿದ್ದೆಗೆಟ್ಟೆ. 162ನೇ ಪುಟದಲ್ಲಿ ಪತ್ತೇದಾರ ಎಲ್ಲರನ್ನೂ ಹಾಲಿಗೆ ಕರೆಸಿ, ಸಿಗರೇಟು ಹಚ್ಚಿ, "ಕೊಲೆಗಾರ ಇಲ್ಲೇ ಇದ್ದಾನೆ" ಅಂದ. ಪುಟ ತಿರುಗಿಸಿದೆ. ಮಣ್ಣು ಉದುರಿತು.

ಒರಲೆ! ಪುಸ್ತಕವನ್ನು ಅಡ್ಡ ಮಲಗಿಸಿಟ್ಟಿದ್ದೆ. ಅವು ಗೋಡೆಯಿಂದ ಮಣ್ಣಿನ ದಾರಿ ಕಟ್ಟಿಕೊಂಡು ಬಂದು ಅಡಿಯಿಂದ ಊಟ ಶುರು ಮಾಡಿದ್ದವು. ಮೇಲಿನ ರಟ್ಟು ಹೊಸದರ ಹಾಗೆ ಇತ್ತು. ಕೊನೆಯ 18 ಪುಟ ಇರಲಿಲ್ಲ.

ನಿಯಮದ ಪ್ರಕಾರ ನಾನೇ ಕಂಡುಹಿಡಿಯುತ್ತೇನೆ ಅಂದುಕೊಂಡೆ. ರೊನಾಲ್ಡ್ ನಾಕ್ಸ್ ಅಂತ ಒಬ್ಬರು ಇಂಗ್ಲಿಷ್ ಪಾದ್ರಿ, ತಾವೂ ಪತ್ತೇದಾರಿ ಬರೆಯುತ್ತಿದ್ದವರು, 1929ರಲ್ಲಿ ಇಂಥ ಕಥೆಗಳಿಗೆ ಹತ್ತು ಕಟ್ಟಳೆ ಹಾಕಿದ್ದರು. ಅಪರಾಧಿ ಕಥೆಯ ಶುರುವಿನಲ್ಲೇ ಬಂದಿರಬೇಕು. ಪತ್ತೇದಾರನೇ ಕೊಲೆ ಮಾಡಿರಬಾರದು. ಮೊದಲೇ ಸುಳಿವು ಕೊಡದೆ ಅವಳಿಗಳನ್ನು ತರಬಾರದು. ಇದನ್ನೆಲ್ಲ ಊಟದ ಹೊತ್ತಿಗೆ ಮನೆಯವರಿಗೆ ವಿವರಿಸಿದೆ. ತಪ್ಪು ನನ್ನದೇ.

ಇವರು ಬ್ಯಾಂಕಿನವರು. "ನಾಮಿನಿ ಯಾರು ಅಂತ ನೋಡು, ಸಾಕು" ಅಂದು ಸಾರು ಬಡಿಸಿಕೊಂಡರು.

ಮಗ, "ಕಥೆ ಹೇಳುವವನೇ ಕೊಲೆಗಾರ ಇರಬಹುದಲ್ಲಮ್ಮಾ?" ಅಂದ.

"ಅಗಾಥಾ ಕ್ರಿಸ್ಟಿ 1926ರಲ್ಲೇ ಆ ಆಟ ಆಡಿ ಆಗಿದೆ ಮಾರಾಯ. ಯಾವ ಪುಸ್ತಕ ಅಂತ ಮಾತ್ರ ಕೇಳಬೇಡ, ಓದುವ ಸುಖ ಹೋಗ್ತದೆ."

"ಹೋಯ್ತಲ್ಲ ಈಗ" ಅಂದ.

ಅತ್ತೆ ಏನೂ ಹೇಳಲಿಲ್ಲ. ಅವರ ಓದು ಸಾಂಸಾರಿಕ. ಒಂದು ಕಾಲದಲ್ಲಿ ವಾರಪತ್ರಿಕೆಯ ಧಾರಾವಾಹಿಗಳ ಹಾಳೆ ಕತ್ತರಿಸಿ, ದಬ್ಬಳದಲ್ಲಿ ಹೊಲಿದು ಪುಸ್ತಕ ಮಾಡಿದವರು. ಅದರಲ್ಲೊಂದಕ್ಕೆ 15ನೇ ಕಂತು ಇಲ್ಲ. ಆ ವಾರ ನೆರೆ ಬಂದು ಪತ್ರಿಕೆಯೇ ಬರಲಿಲ್ಲವಂತೆ. ಹಾಗಾಗಿ 14ರಲ್ಲಿ ನಾಯಕಿಗೆ ಸೀಮಂತ, 16ರಲ್ಲಿ ಮಗು ಶಾಲೆಗೆ ಹೊರಟಿದೆ. ನಡುವಿನದ್ದನ್ನು ಅತ್ತೆ ಬಾಯಿಯಲ್ಲೇ ಹೇಳುತ್ತಾರೆ. ಪ್ರತಿ ಸಲ ಇನ್ನಷ್ಟು ಚೆಂದ ಆಗುತ್ತದೆ. ನನಗಂತೂ ಬರೆದವರ 14 ಮತ್ತು 16ಕ್ಕಿಂತ ಅತ್ತೆಯ 15 ಇಷ್ಟ.

ಮರುದಿನ ನೋಡಿದರೆ ನನ್ನ ಪತ್ತೇದಾರಿ ಅತ್ತೆಯ ಕೈಯಲ್ಲಿ. ಮಧ್ಯಾಹ್ನದೊಳಗೆ ತೀರ್ಪು ಬಂತು.

"ಅಡಿಗೆಯವನು."

"ಹೇಗೆ ಅತ್ತೆ?"

"ಒಂಬತ್ತು ಗಂಟೆಗೆ ದೋಸೆಗೆ ರುಬ್ತಾ ಇದ್ದೆ, ಗ್ರೈಂಡರಿನ ಸದ್ದಿಗೆ ಏನೂ ಕೇಳಲಿಲ್ಲ ಅಂತಾನೆ. ಎಂಟೂವರೆಗೇ ಕರೆಂಟು ಹೋಯ್ತು ಅಂತ ಎರಡನೇ ಅಧ್ಯಾಯದಲ್ಲೇ ಉಂಟಲ್ಲ!"

ನಾನು ಎರಡು ರಾತ್ರಿ ಓದಿದವಳು. ನನಗೆ ಕಂಡಿರಲಿಲ್ಲ. ನಾಕ್ಸ್ ಪಾದ್ರಿಗಳೂ ಎಂದೂ ದೋಸೆಗೆ ರುಬ್ಬಿರಲಿಕ್ಕಿಲ್ಲ.

ಆದರೂ ಅಚ್ಚಿನಲ್ಲಿ ನೋಡುವ ಆಸೆ. ಮುಂದಿನ ವಾರ ಹಲ್ಲು ತೋರಿಸಲು ಮಂಗಳೂರಿಗೆ ಹೋದಾಗ, ಹಂಪನಕಟ್ಟೆಯ ಹತ್ತಿರ ಹಳೇ ಪುಸ್ತಕದ ರಾಶಿಯೊಂದರಲ್ಲಿ ಅದೇ ಪುಸ್ತಕ ಸಿಕ್ಕಿತು! ಇಡೀ ಪುಸ್ತಕ, ಮೂವತ್ತು ರೂಪಾಯಿ. ವಾಪಸ್ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಟಕಿಯ ಬದಿ ಕೂತು ನೇರ 163ಕ್ಕೆ ಹೋದೆ. ಸುರತ್ಕಲ್ ದಾಟಿತು, ಮೂಲ್ಕಿ ದಾಟಿತು. ಶಾಂಭವಿ ಹೊಳೆಯ ಸೇತುವೆ ಬರುವ ಹೊತ್ತಿಗೆ ಸಾಹುಕಾರರ ಅವಳಿ ತಮ್ಮ ಬೊಂಬಾಯಿಯಿಂದ ಬಂದ. ಅಲ್ಲಿಯವರೆಗೆ ಒಂದು ಸಾಲಿನಲ್ಲೂ ಇಲ್ಲದವನು! ಬಂದವನೇ ತಪ್ಪೊಪ್ಪಿಕೊಂಡ. ಗ್ರೈಂಡರಿನ ಸುದ್ದಿಯೇ ಇಲ್ಲ. ಬರೆದವರಿಗೇ ಮರೆತುಹೋಗಿತ್ತು.

"ಥೂ, ಇದೆಂಥದು!" ಅಂದೆ. ಜೋರಾಗಿಯೇ ಅಂದಿರಬೇಕು. ಇಳಿಯುವವರು ಅಂದುಕೊಂಡು ಕಂಡಕ್ಟರ್ ಸೀಟಿ ಊದಿದ. ಧೋ ಅಂತ ಸುರಿಯುವ ಮಳೆಯಲ್ಲಿ, ಹೆಜಮಾಡಿಯ ಹತ್ತಿರ, ಎಕ್ಸ್‌ಪ್ರೆಸ್ ಬಸ್ಸು ನಿಂತಿತು. ಇಡೀ ಬಸ್ಸು ನನ್ನನ್ನೇ ನೋಡಿತು. ಪುಸ್ತಕ ಬ್ಯಾಗಿಗೆ ತುರುಕಿ ನಾನೂ ಹಿಂದಿನ ಸೀಟಿನವರ ಕಡೆ ನೋಡಿದೆ.

ಮನೆಗೆ ಬಂದು ಕೊಡೆ ಮಡಚುವಷ್ಟರಲ್ಲಿ ಅತ್ತೆ ಚಾವಡಿಗೆ ಬಂದರು. "ಸಿಕ್ಕಿತಾ? ಯಾರಂತೆ?"

"ಅಡಿಗೆಯವನೇ ಅತ್ತೆ."

"ಗ್ರೈಂಡರ್ ಅಲ್ವಾ?"

"ಗ್ರೈಂಡರೇ."

ಅತ್ತೆ ಆ ರಾತ್ರಿ ಒಂದು ಹಪ್ಪಳ ಜಾಸ್ತಿ ತಿಂದರು. ಹೊಸ ಪ್ರತಿಯನ್ನು ಕಪಾಟಿನ ಅದೇ ಕೆಳಗಿನ ಹಲಗೆಯಲ್ಲಿ, ಗೋಡೆಗೆ ತಾಗಿಸಿ, ಅಡ್ಡ ಮಲಗಿಸಿಟ್ಟಿದ್ದೇನೆ. ಆಟಿ ಮುಗಿಯಲು ಇನ್ನೂ ಹತ್ತು ದಿನ ಉಂಟು.